ಮೂಲಪ್ರತಿ ತನ್ನಿ

ತಂಗಿಯ ಮಗ ಓಜಸ್ ಹೊಸ ಪೆಟ್ಟಿಗೆ ತಂದಿದ್ದಾನೆ.
"ದೊಡ್ಡಮ್ಮ, ಇದರಲ್ಲಿ ಹಳೇವೂ ಓಡ್ತಾವೆ" ಎಂದ.
ಓಡ್ತಾವೆ ಅಂದ ಮಾತಿಗೇ
ಅಟ್ಟದ ಮೇಲಿನ ಬಿಸ್ಕತ್ತಿನ ಡಬ್ಬಿ ಇಳಿಸಿದೆ.

ಹದಿನೇಳು ಸಿಡಿ.
ಮೂವತ್ತು ರೂಪಾಯಿಗೊಂದು, ಐವತ್ತಕ್ಕೆ ಎರಡು.
ನೀಲಿ ಮಾರ್ಕರಿನಲ್ಲಿ ಜಬೀವುಲ್ಲಾನ ಅಕ್ಷರ:
ಕಾರು. ಕಾರು ೨. ಕತ್ತಿ ಹುಡುಗಿ.
ಡ್ರ್ಯಾಗನ್, ಮಧ್ಯೆ ನಿಲ್ಲುತ್ತೆ, ಜಗಳ ಬೇಡ.

ಹೊಸ ಪೆಟ್ಟಿಗೆ ತುಟಿ ಬಿಚ್ಚದೆ ನುಂಗಿತು,
ಎರಡು ಸಲ ಗಂಟಲು ಸರಿಮಾಡಿಕೊಂಡಿತು,
ಉಗುಳಿತು.
ಪರದೆಯ ಮೇಲೆ ಬಹಳ ವಿನಯದಿಂದ:
ಈ ಡಿಸ್ಕನ್ನು ಗುರುತಿಸಲಾಗುತ್ತಿಲ್ಲ.

"ಒರಿಜಿನಲ್ ಬೇಕು ದೊಡ್ಡಮ್ಮ.
ಹಳೇದು ಅಂದ್ರೆ ಒರಿಜಿನಲ್ ಹಳೇದು."

ಇಡೀ ದಾವಣಗೆರೆಯಲ್ಲಿ ಆಗ
ಒರಿಜಿನಲ್ಲಿನ ಮುಖ ಯಾರು ಕಂಡಿದ್ದರು?
ಮಂಡಕ್ಕಿ ಭಟ್ಟಿಗಳ ಹಿಂದಿನ ಓಣಿ, ಜಬಿಯ ಅಂಗಡಿ,
ಶಟರಿನ ಸಂದಿಯಿಂದ ಒಳಬರುವ ಹೊಗೆ,
ಎರಡು ಟಿವಿ, ನಾಲ್ಕು ಸ್ಟೂಲು, ಗಂಟೆಗೆ ಹತ್ತು ರೂಪಾಯಿ.
ಶುಕ್ರವಾರ ಮಧ್ಯಾಹ್ನ ಅವನು ನಮಾಜಿಗೆ ಹೊರಟರೆ
ಬೀಗದ ಕೈ ಅವನ ತಂಗಿ ಫರೀದಾಗೆ, ಜೊತೆಗೆ ನಾನು.
ಹುಡುಗರಿಲ್ಲದ ಒಂದು ಗಂಟೆ.
ದುಡ್ಡಿಲ್ಲದ ಒಂದು ಗಂಟೆ.

ಆ ಬೂದು ಪೆಟ್ಟಿಗೆಗೆ ಕಣ್ಣು ಮಂಜು.
ನೆಟ್ಟಗಿಟ್ಟರೆ ಏನೂ ಓದದು.
ಅಡ್ಡ ಹಾಕಿದರೆ ಶುರುವಿನ ಸಂಗೀತ ಬಂದು ನಿಂತುಹೋಗುವುದು.
ತಲೆಕೆಳಗು ಮಾಡಿದರಷ್ಟೇ ಓಡುವುದು.
ಹಾಗಾಗಿ ಅದು ಸದಾ ತಲೆಕೆಳಗು,
ಮಗುಚಿಬಿದ್ದು ಅಲ್ಲೇ ನಿದ್ದೆಹೋದ ಆಮೆ.
ಲೆನ್ಸು ಒರೆಸಲು ಹತ್ತಿ ಇತ್ತು,
ಮಿಲ್ಲಿಗೆ ಬೀಗ ಬಿದ್ದ ದಿನ ಅವನಪ್ಪ
ಲುಂಗಿಯಲ್ಲಿ ಗಂಟುಕಟ್ಟಿ ತಂದದ್ದು.
"ಸಂಬಳದ ಬಾಕಿ" ಎನ್ನುತ್ತಿದ್ದ ಜಬಿ,
ಚಿವುಟಿ ಚಿವುಟಿ ಬಳಸುತ್ತ.

ಸೇತುವೆಯ ಮೇಲೆ ಹನ್ನೆರಡು ಜನ ಒಟ್ಟಿಗೆ ಮೈಮೇಲೆ ಬಂದರೆ
ಪೆಟ್ಟಿಗೆ ತಡವರಿಸುತ್ತಿತ್ತು.
ಕತ್ತಿಗಳು ಕೆಸರಲ್ಲಿ ಕಾಲೆತ್ತಿದಂತೆ ಏಳುತ್ತಿದ್ದವು.
ಅಷ್ಟರಲ್ಲಿ ಫರೀದಾ
ಒಂದು ಮುಷ್ಟಿ ಖಾರಾ ಮಂಡಕ್ಕಿ ಬಾಯಿಗೆಸೆದು,
ಎಣ್ಣೆಗೈ ದುಪಟ್ಟಾಕ್ಕೆ ಒರೆಸಿ,
"ಹಾರೇ ಈಗ!" ಎನ್ನುತ್ತಿದ್ದಳು.
ಹಾರುತ್ತಿದ್ದೆ.

ಓಜಸ್ ಪಾಪ, ಅದೇ ಆಟ ಕೊಂಡುಕೊಟ್ಟ.
ಸಿಡಿಯಿಲ್ಲ, ಗಾಳಿಯಿಂದಲೇ ಇಳಿಯಿತು. ಎಂಟುನೂರು ರೂಪಾಯಿ.
ಬಿಲ್ಲೂ ಬಂತು.
ಕತ್ತಿ ಹುಡುಗಿಯ ಕಣ್ಣಿಗೆ ಈಗ ರೆಪ್ಪೆಗಳಿವೆ,
ಮುಂಚೆ ಅವಳು ಬಿಟ್ಟಕಣ್ಣಲ್ಲೇ ಇರುತ್ತಿದ್ದಳು.
ಸೇತುವೆ ಬಂತು. ಹನ್ನೆರಡೂ ಜನ ಬಂದರು.
ಪೆಟ್ಟಿಗೆ ತಡವರಿಸಲಿಲ್ಲ.
ನನ್ನ ಹೆಬ್ಬೆರಳು ಅದರ ತಡವರಿಕೆಗೇ ಕಾಯುತ್ತ
ಹೊಳೆಗೆ ಬಿತ್ತು,
ಇಪ್ಪತ್ತೆರಡು ವರ್ಷದ ಹಿಂದೆ ಒಮ್ಮೆಯೂ ಬೀಳದ ಜಾಗದಲ್ಲಿ.

"ಎಷ್ಟು ಸ್ಮೂತಾಗಿ ಓಡ್ತಿದೆ ನೋಡು" ಎಂದ ಹುಡುಗ.
ಓಡುತ್ತಿತ್ತು, ಆಟವೇನೋ.
ಫರೀದಾಗೆ ಹೇಳಿ ನಗೋಣವೆಂದರೆ
ನನ್ನ ಬಳಿ ಇರುವುದು ಅವಳ ಮನೆಯ ಆರಂಕಿಯ ನಂಬರು.

ಸೋಮವಾರ. ಪಾಲಿಕೆಯ ಮೂರನೇ ಕೌಂಟರು ನನ್ನದು,
ಹಳೇ ಖಾತೆಗಳನ್ನು ಹೊಸ ತಂತ್ರಾಂಶಕ್ಕೆ ಏರಿಸುವ ಕೆಲಸ.
ಭಟ್ಟಿ ಓಣಿಯ ಹುಸೇನ್‌ಬಿ
ಕೈಚೀಲದಿಂದ ತೆಗೆದದ್ದು ಜೆರಾಕ್ಸಿನ ಜೆರಾಕ್ಸು,
ಮಡಿಕೆಯಲ್ಲಿ ಡೋರ್ ನಂಬರೇ ಸವೆದಿದೆ.
"ಮೂಲಪ್ರತಿ ತನ್ನಿ" ಎಂದೆ.
ದಿನಕ್ಕೆ ಅರವತ್ತು ಸಲ ಅನ್ನುವ ಮಾತು,
ಬಹಳ ವಿನಯದಿಂದಲೇ ಅಂದೆ.

ಮುದುಕಿ ಕದಲಲಿಲ್ಲ.
"ಮೂಲ ಅಂದ್ರೆ ಯಾವ್ದವ್ವ?
ಅವ್ರು ಕೊಟ್ಟಿದ್ದೇ ಇದು."

ಕಾಗದ ಒಳಗೆಳೆದುಕೊಂಡೆ.
ನೆಟ್ಟಗೆ ಹಿಡಿದೆ, ಅಡ್ಡ ಹಿಡಿದೆ,
ಆಮೇಲೆ ಕಿಟಕಿಯ ಬೆಳಕಿಗೆ ತಲೆಕೆಳಗು.
ಮಡಿಕೆಯೊಳಗೆ ನಾಲ್ಕೋ ಒಂಬತ್ತೋ,
ಏನೋ ಒಂದು ಬಾಲ ಕಾಣುತ್ತದೆ.
ಒಂಬತ್ತು ಒತ್ತಿದೆ.
ಸಾಲಿನಲ್ಲಿ ಯಾರೋ ಕೆಮ್ಮಿದರು.
ಪರದೆಯ ಮೇಲೆ ಚಕ್ರ ತಿರುಗುತ್ತಿದೆ,
ಇನ್ನೂ ಉಗುಳಿಲ್ಲ.